ಇಷ್ಟೇ ಅಕ್ಷರ, ಇಂಥದೇ ಅಕ್ಷರ: ಇಂಗ್ಲಿಷ್ ಪದ ಹುಡುಕುವವರು ಪದೇ ಪದೇ ಕೇಳುವ ಪ್ರಶ್ನೆಗಳು

ಕೊಡಗಿನಲ್ಲಿ ಕಕ್ಕಡ ತಿಂಗಳ ಮಳೆ ಹಿಡಿದು ಕೂತಿತೆಂದರೆ ಹೋದ ಕರೆಂಟು ಯಾವಾಗ ಬರುತ್ತದೆಂದು ಹೇಳುವಂತಿಲ್ಲ, ಶಾಲೆಗೂ ರಜೆ ಬೀಳುತ್ತದೆ. ಅಂಥ ದಿನಗಳಲ್ಲಿ ಅಕ್ಕಪಕ್ಕದ ತೋಟಗಳ ಮಕ್ಕಳನ್ನು ನಮ್ಮ ಮನೆಯ ಜಗಲಿಯಲ್ಲಿ ಕೂರಿಸಿಕೊಂಡು ಇಂಗ್ಲಿಷ್ ಪದಗಳ ಆಟ ಆಡಿಸುತ್ತ ಬಂದಿದ್ದೇನೆ. ಆ ಮಕ್ಕಳು, ಅವರನ್ನು ಕರೆದೊಯ್ಯಲು ಕೊಡೆ ಹಿಡಿದು ಬರುವ ತಂದೆತಾಯಿಯರು, ಪೇಪರಿನ ಪದಬಂಧದಲ್ಲಿ ಸಿಕ್ಕಿಕೊಂಡ ಒಂದಿಬ್ಬರು ಹಿರಿಯರು ಮತ್ತೆ ಮತ್ತೆ ಕೇಳಿದ ಪ್ರಶ್ನೆಗಳನ್ನು ಇಲ್ಲಿ ಒಟ್ಟು ಮಾಡಿದ್ದೇನೆ. ಇಂಗ್ಲಿಷ್ ಅಕ್ಷರಗಳನ್ನು ಅವುಗಳ ಹೆಸರಿನಿಂದ ಕನ್ನಡದಲ್ಲೇ ಬಿಡಿಸಿ ಬರೆದಿದ್ದೇನೆ; ‘ಟೀ’ ಎಂಬ ಪದ ಟಿ-ಇ-ಎ ಆಗುತ್ತದೆ. ಎ ಎಂದರೆ ಅವರ ಮೊದಲ ಅಕ್ಷರ, ಇ ಐದನೆಯದು, ಐ ಒಂಬತ್ತನೆಯದು ಎಂಬುದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಐದಕ್ಷರದ ಪದ ಎಂದರೆ ಕನ್ನಡದಲ್ಲಿ ಎಣಿಸುವಂತೆಯೇ ಎಣಿಸಬೇಕೆ?

ಇಲ್ಲ, ಮೊದಲ ಎಡವಟ್ಟು ಆಗುವುದೇ ಇಲ್ಲಿ. ಕನ್ನಡದಲ್ಲಿ ವ್ಯಂಜನ, ಅದಕ್ಕೆ ಅಂಟಿದ ಒತ್ತು, ಅದರ ಜೊತೆಗಿನ ಸ್ವರ ಎಲ್ಲ ಸೇರಿ ಒಂದು ಅಕ್ಷರವಾಗುವುದರಿಂದ ನಮ್ಮ ಪದಬಂಧದ ಒಂದೇ ಮನೆಯಲ್ಲಿ ‘ಸ್ತ್ರೀ’ ಇಡಿಯಾಗಿ ಕೂರುತ್ತದೆ. ಇಂಗ್ಲಿಷಿನಲ್ಲಿ ಸ್ವರಕ್ಕೊಂದು ಮನೆ, ವ್ಯಂಜನಕ್ಕೊಂದು ಮನೆ. ಕಾಫಿ ನಮಗೆ ಎರಡಕ್ಷರ, ಅವರಿಗೆ ಸಿ-ಒ-ಎಫ್-ಎಫ್-ಇ-ಇ ಎಂದು ಆರು. ಕೊಡಗು ನಮಗೆ ಮೂರು, ಅವರ ಲಿಪಿಯಲ್ಲಿ ಆರು. ಮಡಿಕೇರಿ ನಮಗೆ ನಾಲ್ಕು, ಅವರ ಲಿಪಿಯಲ್ಲಿ ಎಂಟು. ಇದನ್ನು ಕೇಳಿದ ಹುಡುಗನೊಬ್ಬ ‘ಹಾಗಾದರೆ ಎರಡರಿಂದ ಗುಣಿಸಿದರೆ ಆಯಿತಲ್ಲ ಟೀಚರ್’ ಎಂದ. ಆಗುವುದಿಲ್ಲ: ವಿರಾಜಪೇಟೆಗೆ ನಮ್ಮಲ್ಲಿ ಐದಕ್ಷರ, ಇಂಗ್ಲಿಷ್ ಫಲಕದ ವಿ-ಐ-ಆರ್-ಎ-ಜೆ-ಪಿ-ಇ-ಟಿ ಎಂಟೇ. ಸಾಲಿನಲ್ಲಿ ನಿಲ್ಲುವುದಕ್ಕೆ ಹೇಳುವ ‘ಕ್ಯೂ’ ಕನ್ನಡದಲ್ಲಿ ಒಂದೇ ಅಕ್ಷರ. ಇಂಗ್ಲಿಷಿನಲ್ಲಿ ಅದು ಕ್ಯೂ-ಯು-ಇ-ಯು-ಇ ಎಂಬ ಐದಕ್ಷರದ ಪದ, ಅದರಲ್ಲೂ ನಾಲ್ಕು ಸ್ವರಗಳು.

ಇಂಥ ಪದಗಳು ಎಲ್ಲೆಲ್ಲಿ ಬೇಕಾಗುತ್ತವೆ?

ಮುಖ್ಯವಾಗಿ ಮೂರು ಕಡೆ. ಪದಬಂಧ ಎಲ್ಲಕ್ಕಿಂತ ಹಳೆಯದು. ಆರ್ಥರ್ ವಿನ್ ರಚಿಸಿದ ಮೊದಲ ಇಂಗ್ಲಿಷ್ ಪದಬಂಧ 1913ರ ಡಿಸೆಂಬರ್ 21ರಂದು ನ್ಯೂಯಾರ್ಕ್ ವರ್ಲ್ಡ್ ಪತ್ರಿಕೆಯಲ್ಲಿ ಅಚ್ಚಾಯಿತು. ಎರಡನೆಯದು, ಏಳು ಬಿಲ್ಲೆಗಳನ್ನು ಕೈಯಲ್ಲಿಟ್ಟುಕೊಂಡು ಹಲಗೆಯ ಮೇಲೆ ಪದ ಕಟ್ಟುವ ಸ್ಕ್ರ್ಯಾಬಲ್. ಮೂರನೆಯದು, ಐದಕ್ಷರದ ಗುಪ್ತ ಪದವನ್ನು ಆರು ಯತ್ನಗಳಲ್ಲಿ ಕಂಡುಹಿಡಿಯುವ ವರ್ಡಲ್; ನಾವು ಹಾಕಿದ ಪದದ ಯಾವ ಅಕ್ಷರ ಉತ್ತರದಲ್ಲಿದೆ, ಯಾವುದು ಸರಿಯಾದ ಜಾಗದಲ್ಲೇ ಇದೆ ಎಂದು ಪ್ರತಿ ಯತ್ನಕ್ಕೂ ಆಟ ತೋರಿಸುತ್ತದೆ. ಜಾಶ್ ವಾರ್ಡಲ್ ಎಂಬ ತಂತ್ರಜ್ಞ ಅದನ್ನು 2021ರ ಅಕ್ಟೋಬರಿನಲ್ಲಿ ಸಾರ್ವಜನಿಕರಿಗೆ ತೆರೆದಿಟ್ಟ, 2022ರ ಜನವರಿಯಲ್ಲಿ ನ್ಯೂಯಾರ್ಕ್ ಟೈಮ್ಸ್ ಅದನ್ನು ಕೊಂಡುಕೊಂಡಿತು. ನಮ್ಮ ಜಗಲಿಗೆ ಮಕ್ಕಳ ಸಂಖ್ಯೆ ಹೆಚ್ಚಿದ್ದು ಈ ಮೂರನೆಯದರಿಂದ.

ಒಂದೊಂದೇ ಅಕ್ಷರ ಬದಲಿಸಿ ಎಲ್ಲವನ್ನೂ ಪ್ರಯತ್ನಿಸಿ ನೋಡಬಹುದಲ್ಲವೆ?

ಲೆಕ್ಕ ಹಾಕಿ ನೋಡಿ. ಐದು ಮನೆಗಳಲ್ಲಿ ಪ್ರತಿಯೊಂದಕ್ಕೂ 26 ಅಕ್ಷರಗಳ ಆಯ್ಕೆ ಇರುವುದರಿಂದ ಒಟ್ಟು ಜೋಡಣೆಗಳು 1,18,81,376 ಆಗುತ್ತವೆ. ವರ್ಡಲ್ ಆಟ ಮೊದಲಿಗೆ ಪದವೆಂದು ಒಪ್ಪುತ್ತಿದ್ದ ಜೋಡಣೆಗಳು ಇದರಲ್ಲಿ ಸುಮಾರು 13,000 ಮಾತ್ರ. ಅಂದರೆ ಒಂಬೈನೂರಕ್ಕೆ ಒಂದರಂತೆ. ಉಳಿದದ್ದೆಲ್ಲ ಹೊಟ್ಟು. ಆದರೆ ಮೂರು ಅಕ್ಷರಗಳು ತಮ್ಮ ಜಾಗದ ಸಮೇತ ತಿಳಿದುಬಿಟ್ಟರೆ ಉಳಿಯುವುದು 676 ಜೋಡಣೆ, ನಾಲ್ಕು ತಿಳಿದರೆ ಬರೀ 26. ಆದ್ದರಿಂದ ಮೊದಲ ಎರಡು ಯತ್ನಗಳಲ್ಲಿ ಉತ್ತರವನ್ನೇ ಹೊಡೆಯಲು ಹೋಗದೆ ಅಕ್ಷರಗಳನ್ನು ಪತ್ತೆ ಮಾಡುವುದು ಜಾಣತನ.

ಯಾವ ಅಕ್ಷರಗಳನ್ನು ಮೊದಲು ಹುಡುಕಬೇಕು?

ಇ ಅಕ್ಷರವನ್ನು. ಇಂಗ್ಲಿಷ್ ಬರಹದಲ್ಲಿ ನೂರು ಅಕ್ಷರ ಎಣಿಸಿದರೆ ಹನ್ನೆರಡರ ಹತ್ತಿರ ಇ ಸಿಗುತ್ತದೆ. ಈ ಸಂಗತಿ ಆಟ ಆಡುವವರಿಗಿಂತ ಎಷ್ಟೋ ಮೊದಲು ತಂತಿ ಕಳಿಸುವವರಿಗೆ ಗೊತ್ತಿತ್ತು. ಮೋರ್ಸ್ ಸಂಕೇತದಲ್ಲಿ ಇ ಅಕ್ಷರಕ್ಕೆ ಒಂದೇ ಒಂದು ಚುಕ್ಕಿ, ಟಿ ಅಕ್ಷರಕ್ಕೆ ಒಂದೇ ಒಂದು ಗೀಟು ಕೊಟ್ಟಿರುವುದು ಅವು ಅಷ್ಟು ಸಲ ಬರುತ್ತವೆಂಬ ಕಾರಣಕ್ಕೆ. ಸ್ಕ್ರ್ಯಾಬಲ್ ರೂಪಿಸಿದ ಆಲ್ಫ್ರೆಡ್ ಮೋಷರ್ ಬಟ್ಸ್ ಎಂಬ ವಾಸ್ತುಶಿಲ್ಪಿ 1930ರ ದಶಕದ ಆರ್ಥಿಕ ಮುಗ್ಗಟ್ಟಿನಲ್ಲಿ ಕೆಲಸ ಕಳೆದುಕೊಂಡಿದ್ದಾಗ ಪತ್ರಿಕೆಗಳ ಪುಟಗಳಲ್ಲಿ ಯಾವ ಅಕ್ಷರ ಎಷ್ಟು ಸಲ ಬಂದಿದೆ ಎಂದು ಕೂತು ಎಣಿಸಿದ, ಆ ಎಣಿಕೆಯ ಮೇಲೆ ಬಿಲ್ಲೆಗಳನ್ನು ಹಂಚಿದ. ಒಟ್ಟು 100 ಬಿಲ್ಲೆಗಳಲ್ಲಿ ಇ 12, ಎ 9, ಐ 9, ಒ 8 ಇವೆ. ಕ್ಯೂ, ಝಡ್, ಎಕ್ಸ್, ಜೆ, ಕೆ ಅಕ್ಷರಗಳಿಗೆ ಒಂದೊಂದೇ. ಬಳಕೆ ಕಡಿಮೆಯಾದಷ್ಟೂ ಬೆಲೆ ಹೆಚ್ಚು ಎಂಬ ಲೆಕ್ಕದಲ್ಲಿ ಕ್ಯೂ ಮತ್ತು ಝಡ್ ತಲಾ ಹತ್ತು ಅಂಕ ತರುತ್ತವೆ. ಎಸ್ ಮಾತ್ರ ನಾಲ್ಕೇ ಇರುವುದನ್ನು ಗಮನಿಸಿ. ಅದು ಹೇರಳವಾಗಿ ಬರುವ ಅಕ್ಷರವೇ, ಆದರೆ ಯಾವ ಪದಕ್ಕಾದರೂ ಬಾಲಕ್ಕೆ ಎಸ್ ಅಂಟಿಸಿ ಬಹುವಚನ ಮಾಡಿ ಸುಲಭವಾಗಿ ಅಂಕ ಗಳಿಸುವುದನ್ನು ತಡೆಯಲೆಂದು ಬೇಕಂತಲೇ ಕಡಿಮೆ ಮಾಡಲಾಗಿದೆ.

ವರ್ಡಲ್‌ನಲ್ಲಿ ಮೊದಲ ಪದವಾಗಿ ಅನೇಕರು ಎ-ಡಿ-ಐ-ಇ-ಯು ಹಾಕುತ್ತಾರೆ, ಒಂದೇ ಏಟಿಗೆ ನಾಲ್ಕು ಸ್ವರ ತಿಳಿಯುತ್ತದೆಂದು. ನನಗೆ ಅದು ಹಿಡಿಸುವುದಿಲ್ಲ. ಸ್ವರಗಳು ತಿಳಿದರೂ ಪದದ ಎಲುಬು ಕಾಣುವುದಿಲ್ಲ. ಎಲುಬು ಇರುವುದು ವ್ಯಂಜನಗಳಲ್ಲಿ. ಎಸ್-ಎಲ್-ಎ-ಟಿ-ಇ ಅಥವಾ ಸಿ-ಆರ್-ಎ-ಎನ್-ಇ ಹಾಕಿದರೆ ಎರಡು ಮುಖ್ಯ ಸ್ವರಗಳ ಜೊತೆ ಹೆಚ್ಚು ಬಳಕೆಯ ಮೂರು ವ್ಯಂಜನಗಳೂ ಪರೀಕ್ಷೆಗೊಳಗಾಗುತ್ತವೆ.

ಅಕ್ಷರಗಳು ಗೊತ್ತು, ಜಾಗ ಗೊತ್ತಿಲ್ಲ, ಏನು ಮಾಡಬೇಕು?

ಗೊತ್ತಿರುವ ಅಕ್ಷರಗಳಲ್ಲಿ ಯಾವುದಾದರೂ ಎರಡು ಜೋಡಿಯಾಗುವ ಸ್ವಭಾವದವೇ ಎಂದು ಮೊದಲು ನೋಡಿ. ಎಚ್ ಸಿಕ್ಕಿದರೆ ಅದರ ಹಿಂದೆ ಸಿ, ಎಸ್, ಟಿ, ಪಿ, ಡಬ್ಲ್ಯು, ಜಿ ಇವುಗಳಲ್ಲೊಂದು ಇರುವ ಸಂಭವ ಹೆಚ್ಚು. ಸಿ-ಕೆ ಜೋಡಿ ಪದದ ಮೊದಲಲ್ಲಿ ಬರುವುದಿಲ್ಲ. ಮೂರು ವ್ಯಂಜನಗಳು ಒಟ್ಟಾಗಿ ಪದವನ್ನು ಆರಂಭಿಸಿದರೆ ಮೊದಲನೆಯದು ಬಹುಮಟ್ಟಿಗೆ ಎಸ್ ಆಗಿರುತ್ತದೆ. ಎಸ್-ಟಿ-ಆರ್, ಎಸ್-ಪಿ-ಆರ್, ಎಸ್-ಸಿ-ಆರ್ ಹೀಗೆ. ಐದಕ್ಷರದ ಪದ ಇ ಅಥವಾ ವೈ ಅಕ್ಷರದಲ್ಲಿ ಕೊನೆಗೊಳ್ಳುವುದು ತೀರ ಸಾಮಾನ್ಯ, ಆದ್ದರಿಂದ ಜಾಗ ತಿಳಿಯದ ಇ ಇದ್ದರೆ ಕೊನೆಯ ಮನೆಯಲ್ಲೊಮ್ಮೆ ಇಟ್ಟು ನೋಡುವುದು ಲಾಭ.

ಒಂದು ಬಲೆಯ ಬಗ್ಗೆ ಮಾತ್ರ ಎಚ್ಚರ ಹೇಳಬೇಕು. ಒಂದು ದಿನ ನಾನೇ ಮನಸ್ಸಿನಲ್ಲಿ ಪದ ಇಟ್ಟುಕೊಂಡು ಮಕ್ಕಳಿಗೆ ಊಹಿಸಲು ಬಿಟ್ಟಿದ್ದೆ. ಎರಡನೆಯ ಮನೆಯಲ್ಲಿ ಇ, ಕೊನೆಯಲ್ಲಿ ಸಿ-ಎಚ್ ಇವೆಯೆಂದು ಬೇಗ ಪತ್ತೆಯಾಯಿತು. ಆಮೇಲೆ ಅವರು ಸಾಲಾಗಿ ಬೀಚ್, ಪೀಚ್, ರೀಚ್, ಟೀಚ್ ಎಂದು ಒಂದೊಂದೇ ಎಸೆಯುತ್ತ ಹೋಗಿ ಯತ್ನಗಳನ್ನೆಲ್ಲ ಮುಗಿಸಿಕೊಂಡರು. ಉತ್ತರ ಎಲ್-ಇ-ಇ-ಸಿ-ಎಚ್, ಜಿಗಣೆ. ಮಳೆಗಾಲದಲ್ಲಿ ತೋಟದಿಂದ ಬಂದವರು ಕಾಲು ನೋಡಿಕೊಂಡಿದ್ದರೂ ಹೊಳೆಯುತ್ತಿತ್ತು. ಇಂಥ ಕಡೆ ಒಂದೊಂದೇ ಎಸೆಯುವ ಬದಲು ಬಿ-ಎಲ್-ಯು-ಆರ್-ಟಿ ಎಂಬ, ಥಟ್ಟನೆ ಬಾಯಿಬಿಡುವುದು ಎಂಬರ್ಥದ ಪದವನ್ನು ಹಾಕಬೇಕಿತ್ತು. ಅದು ಉತ್ತರವಾಗುವುದು ಸಾಧ್ಯವೇ ಇಲ್ಲ, ನಿಜ. ಆದರೆ ಬಿ ಇದೆ ಎಂದು ತೋರಿಸಿದರೆ ಬೀಚ್, ಆರ್ ಇದ್ದರೆ ರೀಚ್, ಟಿ ಇದ್ದರೆ ಟೀಚ್, ಎಲ್ ಇದ್ದರೆ ಲೀಚ್, ನಾಲ್ಕೂ ಇಲ್ಲವಾದರೆ ಪೀಚ್. ಐದು ಅನುಮಾನ ಒಂದೇ ಯತ್ನದಲ್ಲಿ ತೀರುತ್ತದೆ. ತಿಳಿದ ಅಕ್ಷರಗಳನ್ನು ಬಳಸಲೇಬೇಕೆಂಬ ಕಠಿಣ ನಿಯಮದಲ್ಲಿ ಆಡುವವರಿಗೆ ಈ ದಾರಿ ಮುಚ್ಚಿರುತ್ತದೆ.

ಪದ ಬಾಯಲ್ಲಿ ಬರುತ್ತದೆ, ಮನೆಗಳಿಗೆ ಮಾತ್ರ ಹೊಂದುವುದಿಲ್ಲ. ಏಕೆ?

ಕನ್ನಡದಲ್ಲಿ ಓದು ಕಲಿತವರಿಗೆ ಎದುರಾಗುವ ನಿಜವಾದ ತೊಡಕು ಇದೇ, ಉಳಿದ ಪ್ರಶ್ನೆಗಳೆಲ್ಲ ಇದರ ಮುಂದೆ ಸಣ್ಣವು. ನಾವು ಕಿವಿಯಿಂದ ಹುಡುಕುತ್ತೇವೆ, ಏಕೆಂದರೆ ನಮ್ಮ ಲಿಪಿಯಲ್ಲಿ ಕೇಳಿದ್ದನ್ನು ಬರೆದರೆ ಬಹುಪಾಲು ಸರಿಯಾಗುತ್ತದೆ. ಇಂಗ್ಲಿಷಿನಲ್ಲಿ ಕಣ್ಣಿನಿಂದ ಹುಡುಕಬೇಕು. ‘ರೈಟ್’ ಎಂಬ ಒಂದೇ ಸದ್ದಿಗೆ ನಾಲ್ಕು ಪದಗಳಿವೆ: ಸರಿ ಎಂಬರ್ಥದ ಆರ್-ಐ-ಜಿ-ಎಚ್-ಟಿ ಮತ್ತು ಬರೆ ಎಂಬರ್ಥದ ಡಬ್ಲ್ಯು-ಆರ್-ಐ-ಟಿ-ಇ ಐದಕ್ಷರದವು, ವಿಧಿ ಆಚರಣೆಯ ಆರ್-ಐ-ಟಿ-ಇ ನಾಲ್ಕಕ್ಷರದ್ದು, ಕುಶಲಕರ್ಮಿ ಎಂಬರ್ಥದ ಡಬ್ಲ್ಯು-ಆರ್-ಐ-ಜಿ-ಎಚ್-ಟಿ ಆರಕ್ಷರದ್ದು. ಕಾಫಿ ಹಣ್ಣಿಗೆ ಹೇಳುವ ‘ಬೆರಿ’ ಬಿ-ಇ-ಆರ್-ಆರ್-ವೈ ಎಂದು ಐದು. ಹೂಳು ಎಂಬರ್ಥದಲ್ಲಿ ಅದೇ ಸದ್ದು ಬಿ-ಯು-ಆರ್-ವೈ ಎಂದು ನಾಲ್ಕು. ‘ಹನಿ’ ಎಂದು ಕೇಳಿದ ಮಗು ಎರಡನೆಯ ಮನೆಯಲ್ಲಿ ಎ ಅಥವಾ ಯು ಹುಡುಕುತ್ತದೆ, ಅಲ್ಲಿರುವುದು ಒ: ಎಚ್-ಒ-ಎನ್-ಇ-ವೈ.

ನಮ್ಮ ನಾಲಿಗೆ ಸೇರಿಸಿಬಿಡುವ ಜೋಡಿಗಳು ಕೆಲವಿವೆ, ಅವನ್ನು ಗುರುತು ಹಾಕಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಜ ಎಂದು ಕೇಳಿದ್ದು ಜೆ, ಜಿ ಅಥವಾ ಝಡ್ ಆಗಿರಬಹುದು. ಮೆಕ್ಕೆಜೋಳಕ್ಕೆ ಹೇಳುವ ‘ಮೇಜ್’ ಎಂ-ಎ-ಐ-ಝಡ್-ಇ. ವ ಎಂದು ಕೇಳಿದ್ದು ವಿ ಅಥವಾ ಡಬ್ಲ್ಯು. ‘ವೈನ್’ ಬಳ್ಳಿಯೂ ಹೌದು, ಮದ್ಯವೂ ಹೌದು, ಎರಡೂ ನಾಲ್ಕಕ್ಷರವೇ, ಮೊದಲ ಅಕ್ಷರ ಬೇರೆ. ಫ ಎಂದು ಕೇಳಿದ್ದು ಎಫ್ ಆಗಿರಬಹುದು, ‘ಫೋನ್’ ಪದದಂತೆ ಪಿ-ಎಚ್ ಆಗಿರಬಹುದು, ಕೆಮ್ಮಿಗೆ ಹೇಳುವ ‘ಕಫ್’ ಪದದಂತೆ ಜಿ-ಎಚ್ ಕೂಡ ಆಗಿರಬಹುದು. ಕ ಎಂದು ಕೇಳಿದ್ದಕ್ಕೆ ಸಿ, ಕೆ, ಕ್ಯೂ, ಸಿ-ಕೆ, ಸಿ-ಎಚ್ ಎಂದು ಐದು ಬಾಗಿಲುಗಳು.

ಸದ್ದೇ ಇಲ್ಲದ ಅಕ್ಷರಗಳದ್ದು ಇನ್ನೊಂದು ಕಾಟ. ‘ಡೌಟ್’ ಐದಕ್ಷರದ ಪದ, ನಾಲ್ಕನೆಯ ಮನೆಯಲ್ಲಿ ಬಿ ಇದೆ. ಸಾಲ ಎಂಬರ್ಥದ ‘ಡೆಟ್’ ನಾಲ್ಕಕ್ಷರದ್ದು, ಅದರ ಮೂರನೆಯದು ಬಿ. ಕಾಫಿ ಮಾರಿದಾಗ ತರುವ ‘ರಿಸೀಟ್’ ಏಳಕ್ಷರದ್ದು, ಆರನೆಯ ಮನೆಯಲ್ಲಿ ಪಿ ಅಡಗಿದೆ. ಈ ಅಕ್ಷರಗಳು ಅಲ್ಲಿಗೆ ಬಂದ ಕಥೆ ಸ್ವಾರಸ್ಯಕರ. ಫ್ರೆಂಚಿನಿಂದ ಇಂಗ್ಲಿಷಿಗೆ ಬಂದಾಗ ಡೌಟ್, ಡೆಟ್ ಪದಗಳಲ್ಲಿ ಬಿ ಇರಲಿಲ್ಲ. ಲ್ಯಾಟಿನ್ ಮೂಲದಲ್ಲಿ ಬಿ ಇತ್ತೆಂದು ತೋರಿಸುವ ಹಂಬಲದಿಂದ ಪಂಡಿತರು ಬರಹದಲ್ಲಿ ಅದನ್ನು ಮರಳಿ ತುರುಕಿದರು, ಜನರ ಬಾಯಿ ಮಾತ್ರ ಹಳೆಯ ರೀತಿಯಲ್ಲೇ ಉಳಿಯಿತು. ರಿಸೀಟಿನ ಪಿ ಅಕ್ಷರದ್ದೂ ಇದೇ ಕಥೆ.

ಕ್ಯೂ ಇದ್ದ ಮೇಲೆ ಅದರ ಮುಂದೆ ಯು ಇರಲೇಬೇಕೆ?

ಅಚ್ಚ ಇಂಗ್ಲಿಷ್ ಕಾಗುಣಿತದಲ್ಲಿ ಹೌದು. ಹೊರಗಿನಿಂದ ಬಂದ ಪದಗಳಲ್ಲಿ ಹಾಗಿಲ್ಲ, ಅವುಗಳಲ್ಲಿ ಹಲವನ್ನು ಕನ್ನಡಿಗರು ಮೊದಲೇ ಬಲ್ಲರು ಎಂಬುದು ನಮಗೆ ಸಿಕ್ಕ ಅನುಕೂಲ. ಫಕೀರ ಎಫ್-ಎ-ಕ್ಯೂ-ಐ-ಆರ್, ನಿಕಾಬ್ ಎನ್-ಐ-ಕ್ಯೂ-ಎ-ಬಿ, ತಲಾಖ್ ಟಿ-ಎ-ಎಲ್-ಎ-ಕ್ಯೂ, ಬುರ್ಖಾ ಬಿ-ಯು-ಆರ್-ಕ್ಯೂ-ಎ. ನಾಲ್ಕೂ ಐದಕ್ಷರದವು, ನಾಲ್ಕೂ ಅರಬ್ಬಿಯಿಂದ ಬಂದವು. ಬುರ್ಖಾದಲ್ಲಿ ಯು ಇದ್ದರೂ ಅದು ಕ್ಯೂಗಿಂತ ಹಿಂದಿದೆ. ಚೀನಾದ ಪ್ರಾಣಶಕ್ತಿ ಎಂಬರ್ಥದ ಕ್ಯೂ-ಐ ಎಂಬ ಎರಡಕ್ಷರದ ಪದವಂತೂ ಸ್ಕ್ರ್ಯಾಬಲ್ ಆಡುವವರ ಪ್ರಾಣವನ್ನು ಎಷ್ಟೋ ಸಲ ಉಳಿಸಿದೆ.

ಸ್ವರವೇ ಇಲ್ಲದ ಪದಗಳಿವೆಯೆ? ಐದೂ ಸ್ವರಗಳಿರುವ ಪದಗಳು?

ಎ, ಇ, ಐ, ಒ, ಯು ಇಲ್ಲದ ಪದಗಳಿವೆ, ಅವುಗಳಲ್ಲಿ ಹೆಚ್ಚಿನವುಗಳಲ್ಲಿ ವೈ ಸ್ವರದ ಕೆಲಸ ಮಾಡುತ್ತಿರುತ್ತದೆ. ಐದಕ್ಷರದಲ್ಲಿ ನಿಂಫ್ ಎನ್-ವೈ-ಎಂ-ಪಿ-ಎಚ್, ಕ್ರಿಪ್ಟ್ ಸಿ-ಆರ್-ವೈ-ಪಿ-ಟಿ. ಆರಕ್ಷರದಲ್ಲಿ ರಿದಮ್ ಆರ್-ಎಚ್-ವೈ-ಟಿ-ಎಚ್-ಎಂ. ಐದೂ ಸ್ವರಗಳು ಒಂದೊಂದು ಸಲ ಬರುವ ಪದಗಳಲ್ಲಿ ಎಜುಕೇಶನ್ ಒಂಬತ್ತಕ್ಷರದ್ದು, ಈಕ್ವೇಶನ್ ಎಂಟಕ್ಷರದ್ದು, ಸಿಕೋಯ ಎಂಬ ಹೆಮ್ಮರದ ಹೆಸರು ಎಸ್-ಇ-ಕ್ಯೂ-ಯು-ಒ-ಐ-ಎ ಎಂದು ಏಳಕ್ಷರದ್ದು.

ನಮ್ಮ ಕಡೆಯ ಪದಗಳು ಆಟದಲ್ಲಿ ನಡೆಯುತ್ತವೆಯೆ?

ಊರಿನ ಹೆಸರುಗಳು ನಡೆಯುವುದಿಲ್ಲ. ಕೂರ್ಗ್ ಎಂಬುದು ಸಿ-ಒ-ಒ-ಆರ್-ಜಿ ಎಂದು ಐದಕ್ಷರಕ್ಕೆ ಅಚ್ಚುಕಟ್ಟಾಗಿ ಕೂತರೂ ಅಂಕಿತನಾಮವಾದ್ದರಿಂದ ತಳ್ಳಿಹೋಗುತ್ತದೆ. ಮಕ್ಕಳಿಗೆ ಇದು ಪ್ರತಿ ವರ್ಷದ ಬೇಸರ. ಬೆಳೆಗಳ ಹೆಸರಿಗೆ ಅಡ್ಡಿಯಿಲ್ಲ. ಅಡಿಕೆಯೇ ಮಲಯಾಳ, ಕನ್ನಡಗಳ ಕಡೆಯಿಂದ ಪೋರ್ಚುಗೀಸರ ಬಾಯಿಗೆ ಬಿದ್ದು ಎ-ಆರ್-ಇ-ಸಿ-ಎ ಎಂಬ ಐದಕ್ಷರದ ಇಂಗ್ಲಿಷ್ ಪದವಾಗಿದೆ. ತೇಗಕ್ಕೆ ಟಿ-ಇ-ಎ-ಕೆ, ತೆಂಗಿನ ನಾರಿಗೆ ಸಿ-ಒ-ಐ-ಆರ್. ಎರಡೂ ಮಲಯಾಳದ ಮೂಲದಿಂದ ಹೋದ ನಾಲ್ಕಕ್ಷರದ ಪದಗಳು.

ಅರೇಬಿಕಾ ಮತ್ತು ರೊಬಸ್ಟಾ ಎರಡೂ ಏಳಕ್ಷರದವು. ಸ್ಕ್ರ್ಯಾಬಲ್‌ನಲ್ಲಿ ಕೈಯಲ್ಲಿರುವ ಏಳೂ ಬಿಲ್ಲೆಗಳನ್ನು ಒಮ್ಮೆಗೇ ಇಳಿಸಿದರೆ 50 ಅಂಕ ಹೆಚ್ಚುವರಿಯಾಗಿ ಸಿಗುವುದರಿಂದ ಈ ಉದ್ದದ ಪದಗಳಿಗೆ ವಿಶೇಷ ಬೆಲೆಯಿದೆ. ಅಕ್ಷರ ಪತ್ತೆ ಮಾಡುವ ದೃಷ್ಟಿಯಿಂದ ನೋಡಿದರೆ ಅರೇಬಿಕಾದಲ್ಲಿ ಎ ಮೂರು ಸಲ ಬಂದು ಬೇರೆ ಬೇರೆ ಅಕ್ಷರಗಳು ಐದೇ ಉಳಿಯುತ್ತವೆ, ರೊಬಸ್ಟಾದಲ್ಲಿ ಏಳೂ ಬೇರೆ ಬೇರೆ. ಗಿಡದಂತೆ ಪದದಲ್ಲೂ ರೊಬಸ್ಟಾದ ಫಸಲೇ ಹೆಚ್ಚು. ಕಾಫಿ ಪದ ಕಟ್ಟಲು ಪೆಟ್ಟಿಗೆಯಲ್ಲಿರುವ ಎರಡೂ ಎಫ್ ಬೇಕು, ಅಂಕ 14. ಕಾಳುಮೆಣಸಿನ ‘ಪೆಪ್ಪರ್’ ಮೂರು ಪಿ ಕೇಳುತ್ತದೆ, ಪೆಟ್ಟಿಗೆಯಲ್ಲಿರುವುದು ಎರಡೇ; ಮೂರನೆಯದಕ್ಕೆ ಖಾಲಿ ಬಿಲ್ಲೆ ಇಡಬೇಕು, ಖಾಲಿ ಬಿಲ್ಲೆಗೆ ಅಂಕವಿಲ್ಲ, ಹಾಗಾಗಿ ಒಟ್ಟು 9 ಮಾತ್ರ. ಇವೆರಡನ್ನೂ ಮೀರಿಸುವುದು ಹಾಕಿ, ಎಚ್-ಒ-ಸಿ-ಕೆ-ಇ-ವೈ, 18 ಅಂಕ. ಕೊಡಗಿನಲ್ಲಿ ಇದಕ್ಕೆ ಯಾರೂ ಆಶ್ಚರ್ಯಪಡಲಿಲ್ಲ.

ನಿಘಂಟಿನಲ್ಲಿರುವ ಪದವನ್ನೂ ಆಟ ತಿರಸ್ಕರಿಸುವುದೇಕೆ?

ಪ್ರತಿಯೊಂದು ಆಟಕ್ಕೂ ಅದರದೇ ಪದಪಟ್ಟಿ ಇರುತ್ತದೆ. ಅಂಕಿತನಾಮ, ಸಂಕ್ಷೇಪ, ನಡುವೆ ಅಡ್ಡಗೆರೆ ಇರುವ ಪದ ಇವು ಸಾಮಾನ್ಯವಾಗಿ ಹೊರಗೆ. ಇನ್ನೊಂದು ಕಾರಣ ಕಾಗುಣಿತ: ನಮ್ಮ ಪಠ್ಯಪುಸ್ತಕಗಳು ಬ್ರಿಟಿಷ್ ರೀತಿಯಲ್ಲಿ ಬಣ್ಣವನ್ನು ಸಿ-ಒ-ಎಲ್-ಒ-ಯು-ಆರ್ ಎಂದು ಆರಕ್ಷರದಲ್ಲಿ ಕಲಿಸುತ್ತವೆ, ಅಮೆರಿಕನ್ನರು ಯು ಬಿಟ್ಟು ಐದರಲ್ಲಿ ಮುಗಿಸುತ್ತಾರೆ. ಹಾಸ್ಯ, ಉಪಕಾರ ಎಂಬರ್ಥದ ಹ್ಯೂಮರ್, ಫೇವರ್ ಪದಗಳೂ ಹೀಗೆಯೇ. ವರ್ಡಲ್ ಅಮೆರಿಕದ ರೀತಿಯನ್ನು ಪಾಲಿಸುವುದರಿಂದ ಯು ಇಲ್ಲದ ರೂಪವನ್ನೂ ನೆನಪಿನಲ್ಲಿಡಬೇಕು, ಶಾಲೆಯ ಪರೀಕ್ಷೆಯಲ್ಲಿ ಮಾತ್ರ ಅದನ್ನು ಬರೆಯಬಾರದು.

ಫೋನಿನಲ್ಲಿ, ಕಂಪ್ಯೂಟರಿನಲ್ಲಿ ಹುಡುಕುವುದು ಹೇಗೆ? ನೆಟ್‌ವರ್ಕ್ ಇಲ್ಲದಿದ್ದರೆ?

ಹಲವು ನಿಘಂಟು ತಾಣಗಳಲ್ಲಿ ತಿಳಿಯದ ಒಂದು ಅಕ್ಷರದ ಜಾಗದಲ್ಲಿ ಒಂದು ಪ್ರಶ್ನಾರ್ಥಕ ಚಿಹ್ನೆ, ತಿಳಿಯದ ಎಷ್ಟೋ ಅಕ್ಷರಗಳ ಜಾಗದಲ್ಲಿ ಒಂದು ನಕ್ಷತ್ರ ಚಿಹ್ನೆ ಹಾಕಿದರೆ ಸಾಕು. ಎರಡನೆಯದು ಇ, ಕೊನೆಯದು ಎಚ್ ಎಂದಿದ್ದರೆ ಒಂದು ಪ್ರಶ್ನಾರ್ಥಕ, ಇ, ಎರಡು ಪ್ರಶ್ನಾರ್ಥಕ, ಎಚ್ ಹೀಗೆ ಬರೆಯಬೇಕು. ಬರುವ ಪಟ್ಟಿಯಲ್ಲಿ ಯಾರೂ ಬಳಸದ ಪದಗಳೂ ಧಾರಾಳವಾಗಿರುತ್ತವೆ.

ನೆಟ್‌ವರ್ಕ್ ಇಲ್ಲದ ದಿನ ಅಚ್ಚಿನ ನಿಘಂಟೇ ಗತಿ, ಆದರೆ ಅದು ಮೊದಲಕ್ಷರದಿಂದ ಮಾತ್ರ ಬಾಗಿಲು ತೆಗೆಯುತ್ತದೆ. ಅದಕ್ಕಾಗಿ ನಮ್ಮ ಮಕ್ಕಳು ನೋಟ್‌ಬುಕ್ಕಿನಲ್ಲಿ ಬೇರೆ ರೀತಿಯ ಪಟ್ಟಿ ಮಾಡಿಕೊಂಡಿದ್ದಾರೆ. ಪ್ರತಿ ಪದದ ಅಕ್ಷರಗಳನ್ನು ವರ್ಣಮಾಲೆಯ ಕ್ರಮಕ್ಕೆ ತಂದು ಎಡಗಡೆ ಬರೆಯುವುದು, ಅದೇ ಅಕ್ಷರಗಳಿಂದ ಹುಟ್ಟುವ ಪದಗಳನ್ನೆಲ್ಲ ಬಲಗಡೆ ಬರೆಯುವುದು. ಎ-ಇ-ಟಿ ಎಂಬ ಕ್ರಮದ ಎದುರು ಟೀ, ಈಟ್, ಏಟ್ ಮೂರೂ ಬರುತ್ತವೆ. ಕಾಫಿ ಸೀಮೆಯಲ್ಲಿ ಟೀಯನ್ನು ಮೊದಲು ಬರೆದದ್ದಕ್ಕೆ ಒಬ್ಬರು ಅಜ್ಜ ಆಕ್ಷೇಪಿಸಿದ್ದುಂಟು. ಇ-ಐ-ಎಲ್-ಎನ್-ಎಸ್-ಟಿ ಕ್ರಮದ ಎದುರು ಲಿಸನ್, ಸೈಲೆಂಟ್, ಎನ್‌ಲಿಸ್ಟ್, ಟಿನ್ಸೆಲ್, ಇನ್‌ಲೆಟ್ಸ್ ಎಂದು ಐದು. ಇವನ್ನು ಬಾಯಲ್ಲಿ ಹೇಳಿ ನೋಡಿದರೆ ಒಂದಕ್ಕೊಂದು ಸಂಬಂಧವೇ ಕಾಣದು, ಕಣ್ಣಿಗೆ ಮಾತ್ರ ಒಂದೇ ಆರು ಅಕ್ಷರಗಳು.

ಪಟ್ಟಿಗಳನ್ನು ಮಕ್ಕಳಿಗೆ ಬಾಯಿಪಾಠ ಮಾಡಿಸಬಹುದೆ?

ನಾನು ಮಾಡಿಸಿ ಕೈಸುಟ್ಟುಕೊಂಡಿದ್ದೇನೆ. ಎರಡಕ್ಷರದ ಪದಗಳ ಪಟ್ಟಿಯನ್ನು ಒಂದು ಮಳೆಗಾಲವೆಲ್ಲ ಹೇಳಿಸಿದೆ. ಮಕ್ಕಳು ಎಕ್ಸ್-ಐ, ಝಡ್-ಎ ಎಂದು ಬಿಲ್ಲೆಗಳನ್ನು ಪಟಪಟನೆ ಇಟ್ಟರು. ಮೊದಲನೆಯದು ಗ್ರೀಕ್ ಅಕ್ಷರವೊಂದರ ಹೆಸರು, ಎರಡನೆಯದು ಪಿಜ್ಜಾಕ್ಕೆ ಅಮೆರಿಕನ್ನರ ಆಡುಮಾತು ಎಂದು ಒಬ್ಬರಿಗೂ ಗೊತ್ತಿರಲಿಲ್ಲ, ತಿಳಿಯುವ ಆಸೆಯೂ ಇರಲಿಲ್ಲ. ಈಗ ಅರ್ಥ ಹೇಳಿದ ಪದಕ್ಕೆ ಮಾತ್ರ ಅಂಕ ಎಂಬ ನಿಯಮ ಮಾಡಿದ್ದೇನೆ.

ಉತ್ತರವನ್ನು ಹುಡುಕಿ ನೋಡಿಕೊಳ್ಳುವುದು ಮೋಸವಲ್ಲವೆ?

ಎದುರಾಳಿ ಇದ್ದರೆ ಮೋಸ. ಒಬ್ಬರೇ ಆಡುವಾಗ ಅದು ಅವರವರ ಮನಸ್ಸಿಗೆ ಬಿಟ್ಟದ್ದು.

ವಿ ಅಕ್ಷರದಲ್ಲಿ, ಜೆ ಅಕ್ಷರದಲ್ಲಿ ಕೊನೆಗೊಳ್ಳುವ ಪದಗಳೇ ಏಕೆ ಸಿಗುವುದಿಲ್ಲ?

ವಿ ಸದ್ದಿನಲ್ಲಿ ನಿಲ್ಲುವ ಇಂಗ್ಲಿಷ್ ಪದಗಳಿಗೆ ಕೊನೆಯಲ್ಲೊಂದು ಮೂಕ ಇ ಅಂಟಿಕೊಂಡಿರುತ್ತದೆ. ಗಿವ್, ಹ್ಯಾವ್, ಲವ್ ಎಲ್ಲವೂ ನಾಲ್ಕಕ್ಷರದವು. ಹಿಂದೆ ಯು, ವಿ ಎರಡನ್ನೂ ಒಂದೇ ಅಕ್ಷರವಾಗಿ ಬರೆಯುತ್ತಿದ್ದಾಗ ಇದು ವ್ಯಂಜನ ಎಂದು ತೋರಿಸಲು ಈ ಇ ನೆರವಾಗುತ್ತಿತ್ತು, ಅಕ್ಷರಗಳು ಬೇರೆಯಾದ ಮೇಲೂ ಅದು ಜಾಗ ಬಿಡಲಿಲ್ಲ. ಎಂಜಿನ್ನನ್ನು ಜೋರಾಗಿ ತಿರುಗಿಸುವುದಕ್ಕೆ ಹೇಳುವ ಆರ್-ಇ-ವಿ ತರಹದ ಕೆಲವೇ ಪದಗಳು ಇದಕ್ಕೆ ಹೊರತು. ಜೆ ಕೊನೆಯಲ್ಲಿರುವ ಪದಗಳಲ್ಲಿ ಹೆಚ್ಚಿನವು ನಮ್ಮ ಕಡೆಯಿಂದಲೇ ಅಲ್ಲಿಗೆ ಹೋದವು: ರಾಜ್ ಆರ್-ಎ-ಜೆ, ತಾಜ್ ಟಿ-ಎ-ಜೆ, ಸ್ವರಾಜ್ ಎಸ್-ಡಬ್ಲ್ಯು-ಎ-ಆರ್-ಎ-ಜೆ. ಅರಬ್ಬಿಯಿಂದ ಹೋದ ಹಜ್ ಎಚ್-ಎ-ಜೆ-ಜೆ ಎಂದು ಎರಡು ಜೆ ಬೇಡುತ್ತದೆ. ಸ್ಕ್ರ್ಯಾಬಲ್ ಪೆಟ್ಟಿಗೆಯಲ್ಲಿರುವುದು ಒಂದೇ ಜೆ ಆದ್ದರಿಂದ ಅಲ್ಲಿಯೂ ಖಾಲಿ ಬಿಲ್ಲೆಗಾಗಿ ಕಾಯಬೇಕು.